ಒಬ್ಬ ಮನುಷ್ಯ, ಎರಡು ಕುರ್ಚಿ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಥೆನ್ಸ್ ಎಂಬ ಊರಿದೆ. ವಿದ್ಯೆಯ ಊರಾಗಬೇಕೆಂಬ ಹಂಬಲದಿಂದ ಗ್ರೀಸ್ ದೇಶದ ಪುರಾತನ ನಗರಿಯ ಹೆಸರನ್ನು ಇಟ್ಟುಕೊಂಡ ಊರು ಅದು. 1785ರಲ್ಲಿ ಸನದು ಪಡೆದ ಜಾರ್ಜಿಯಾ ವಿಶ್ವವಿದ್ಯಾನಿಲಯ ಇರುವುದು ಅಲ್ಲಿಯೇ. ವಿದ್ಯಾಲಯದ ನಟ್ಟನಡುವೆ ತೊಂಬತ್ತು ಸಾವಿರಕ್ಕೂ ಮಿಕ್ಕಿ ಜನ ಕುಳಿತು ನೋಡಬಹುದಾದ ಕ್ರೀಡಾಂಗಣವಿದೆ. ಅದರ ಆಟದ ಬಯಲಿಗೆ 2019ರಲ್ಲಿ ‘ಡೂಲಿ ಫೀಲ್ಡ್’ ಎಂದು ಹೆಸರಿಟ್ಟರು. ವಿನ್ಸೆಂಟ್ ಡೂಲಿ ಎಂಬ ಕಥೋಲಿಕ ಗೃಹಸ್ಥರು ಆ ವಿದ್ಯಾಲಯದಲ್ಲಿ ಇಪ್ಪತ್ತೈದು ವರ್ಷ ಫುಟ್ಬಾಲ್ ತರಬೇತುದಾರರಾಗಿ, ಇಪ್ಪತ್ತೈದು ವರ್ಷ ಕ್ರೀಡಾ ನಿರ್ದೇಶಕರಾಗಿ ದುಡಿದರು. ಹಾಗೆಂದು ಒಟ್ಟು ಐವತ್ತು ವರ್ಷವಾಗಲಿಲ್ಲ. ಸುಮಾರು ಹತ್ತು ವರ್ಷ ಅವರು ಎರಡೂ ಕುರ್ಚಿಗಳಲ್ಲಿ ಏಕಕಾಲಕ್ಕೆ ಕುಳಿತಿದ್ದರು. ಅವರ ಬದುಕಿನ ಚರಿತ್ರೆಯಲ್ಲಿ ನಾವು ನಿಂತು ನೋಡಬೇಕಾದ ಭಾಗ ಆ ಹತ್ತು ವರ್ಷಗಳದ್ದು.

ಮೊದಲು ಒಂದೆರಡು ಮಾತು ವಿವರಣೆಗಾಗಿ. ಅಮೆರಿಕನ್ನರು ಫುಟ್ಬಾಲ್ ಎನ್ನುವುದು ನಮ್ಮ ಶಾಲಾ ಮೈದಾನಗಳಲ್ಲಿ ಮಕ್ಕಳು ಒದ್ದಾಡುವ ಚೆಂಡಾಟವನ್ನಲ್ಲ. ಅವರದು ಮೊಟ್ಟೆಯಾಕಾರದ ಚೆಂಡು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ತಲೆಗೆ ಶಿರಸ್ತ್ರಾಣ, ಭುಜಕ್ಕೆ ಕವಚ ತೊಟ್ಟ ಹನ್ನೊಂದು ಜನರ ಎರಡು ತಂಡಗಳು ಗಜಗಜವಾಗಿ ನೆಲ ಗೆಲ್ಲುವ, ಒಂದು ಬಗೆಯ ಯುದ್ಧದಂತಹ ಆಟ. ಈ ಆಟ ಅಲ್ಲಿ ಬೆಳೆದದ್ದು ಕಾಲೇಜುಗಳಲ್ಲಿ. ವೃತ್ತಿಪರ ತಂಡಗಳು ಹುಟ್ಟುವ ಮುಂಚೆಯೇ ಕಾಲೇಜು ಪಂದ್ಯಗಳಿಗೆ ಹತ್ತಾರು ಸಾವಿರ ಜನ ಸೇರುತ್ತಿದ್ದರು. ಟಿಕೆಟಿನ ಹಣ ಬಂತು. ಹಣದ ಹಿಂದೆಯೇ ಅದನ್ನು ನೋಡಿಕೊಳ್ಳುವ ಅಧಿಕಾರಿಯೂ ಬಂದ. ಆತನೇ ಕ್ರೀಡಾ ನಿರ್ದೇಶಕ. ನಮ್ಮ ಕಾಲೇಜುಗಳ ಫಿಸಿಕಲ್ ಡೈರೆಕ್ಟರ್ ಎಂದು ತಿಳಿದರೆ ತಪ್ಪಾದೀತು. ನಮ್ಮಲ್ಲಿ ಆ ಹುದ್ದೆಯವರು ಸೀಟಿ ಊದುತ್ತಾರೆ, ಸಾಲು ನಿಲ್ಲಿಸುತ್ತಾರೆ, ನೆಟ್ಟು ಚೆಂಡುಗಳಿಗಾಗಿ ಪ್ರಾಂಶುಪಾಲರ ಬಾಗಿಲು ಕಾಯುತ್ತಾರೆ. ಅಮೆರಿಕದ ಕ್ರೀಡಾ ನಿರ್ದೇಶಕ ಕೋಟ್ಯಂತರ ಡಾಲರಿನ ಆಯವ್ಯಯ ನಡೆಸುತ್ತಾನೆ, ತರಬೇತುದಾರರನ್ನು ನೇಮಿಸುತ್ತಾನೆ, ತೆಗೆದುಹಾಕುತ್ತಾನೆ.

ಈ ಹುದ್ದೆಗೆ ಬಂದವರಲ್ಲಿ ಬಹಳ ಮಂದಿ ಫುಟ್ಬಾಲ್ ತರಬೇತುದಾರರೇ. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ 1892ರಿಂದ 1932ರವರೆಗೆ ಇದ್ದ ಆಮಸ್ ಅಲೋಂಜೋ ಸ್ಟ್ಯಾಗ್ ಎರಡೂ ಕೆಲಸ ನೋಡಿಕೊಂಡವರು. ಅವರು ಮೊದಲು ಯೇಲ್‌ನಲ್ಲಿ ದೈವಶಾಸ್ತ್ರ ಓದುತ್ತಿದ್ದು, ಬೋಧಕರಾಗುವ ಆಲೋಚನೆ ಬಿಟ್ಟು ಮೈದಾನಕ್ಕೆ ಬಂದರು ಎಂಬುದು ನನ್ನಂತಹವನ ಗಮನ ಸೆಳೆಯುವ ಸಂಗತಿ. ನೋತ್ರದಾಮ್ ಎಂಬ ಕಥೋಲಿಕ ವಿಶ್ವವಿದ್ಯಾನಿಲಯದ ನೂಟ್ ರಾಕ್ನಿ ಕೂಡ 1931ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಳ್ಳುವವರೆಗೆ ಎರಡೂ ಹೊಣೆ ಹೊತ್ತಿದ್ದರು. ಗೆದ್ದವನಿಗೆ ಆಡಳಿತ ಕೊಡುವುದು ಅಲ್ಲಿಯ ರೂಢಿ. ಗೆಲ್ಲುವುದನ್ನು ಬಲ್ಲವನು ಆಳುವುದನ್ನೂ ಬಲ್ಲನೇ ಎಂದು ಯಾರೂ ಕೇಳಲಿಲ್ಲ.

ಡೂಲಿಯವರು ಹುಟ್ಟಿದ್ದು 1932ರ ಸೆಪ್ಟೆಂಬರ್ 4ರಂದು, ಅಲಬಾಮಾ ರಾಜ್ಯದ ಮೊಬೀಲ್ ಬಂದರಿನಲ್ಲಿ. ಅಮೆರಿಕದ ದಕ್ಷಿಣ ಭಾಗವೆಂದರೆ ಬಹುತೇಕ ಬ್ಯಾಪ್ಟಿಸ್ಟರ, ಮೆಥಡಿಸ್ಟರ ನಾಡು. ಮೊಬೀಲ್ ಮಾತ್ರ 1702ರಲ್ಲಿ ಫ್ರೆಂಚರು ಕಟ್ಟಿದ ನೆಲೆಯಾದ್ದರಿಂದ ಅಲ್ಲಿ ಕಥೋಲಿಕ ವಿಶ್ವಾಸದ ಬೇರು ಹಳೆಯದು. ಪವಿತ್ರ ಹೃದಯದ ಸಹೋದರರು ನಡೆಸುತ್ತಿದ್ದ ಮ್ಯಾಕ್‌ಗಿಲ್ ಪ್ರೌಢಶಾಲೆಯಲ್ಲಿ ಡೂಲಿ ಓದಿದರು. ಅಲ್ಲಿಂದ ಆಬರ್ನ್‌ಗೆ ಹೋಗಿ ಆಟಗಾರರಾಗಿ ಹೆಸರು ಮಾಡಿದರು; 1954ರಲ್ಲಿ ಪದವಿ ಪಡೆದು, ಎರಡು ವರ್ಷ ನೌಕಾಪಡೆಯ ಮರೀನ್ ದಳದಲ್ಲಿ ಸೇವೆ ಮಾಡಿ, ಮತ್ತೆ ಆಬರ್ನ್‌ಗೆ ಸಹಾಯಕ ತರಬೇತುದಾರರಾಗಿ ಮರಳಿದರು.

ಸಂಬಳದ ಕೆಲಸವಿದ್ದರೂ ಅವರು ಸುಮ್ಮನಿರಲಿಲ್ಲ. ಮೈದಾನದ ಕೆಲಸದ ಜೊತೆಯಲ್ಲೇ ಇತಿಹಾಸದಲ್ಲಿ ಎಂ.ಎ. ಓದಿ 1963ರಲ್ಲಿ ಪ್ರಬಂಧ ಒಪ್ಪಿಸಿದರು. ಪ್ರಬಂಧದ ವಿಷಯವನ್ನು ಸ್ವಲ್ಪ ಗಮನಿಸಬೇಕು. ಜೇಮ್ಸ್ ಥಾಮಸ್ ಹೆಫ್ಲಿನ್ ಎಂಬ ಅಲಬಾಮಾದ ಸೆನೆಟರ್ 1920ರ ದಶಕದಲ್ಲಿ ಕಥೋಲಿಕರ ವಿರುದ್ಧ, ಪೋಪ್ ಜಗದ್ಗುರುಗಳ ವಿರುದ್ಧ ಸಂಸತ್ತಿನಲ್ಲೇ ಗಂಟೆಗಟ್ಟಲೆ ಹರಿಹಾಯ್ದವನು. 1928ರಲ್ಲಿ ನ್ಯೂಯಾರ್ಕಿನ ಗವರ್ನರ್ ಆಲ್ ಸ್ಮಿತ್ ಎಂಬ ಕಥೋಲಿಕರು ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ, ಸ್ವಂತ ಪಕ್ಷದ ಅಭ್ಯರ್ಥಿ ಎಂಬುದನ್ನೂ ಲೆಕ್ಕಿಸದೆ ಹೆಫ್ಲಿನ್ ಅವರ ವಿರುದ್ಧ ಪ್ರಚಾರ ಮಾಡಿದ. 1930ರಲ್ಲಿ ಪಕ್ಷ ಅವನನ್ನು ಹೊರಗಿಟ್ಟಿತು. ಮೊಬೀಲ್‌ನ ಕಥೋಲಿಕ ಯುವಕನೊಬ್ಬ ಸಂಶೋಧನೆಗಾಗಿ ಆರಿಸಿಕೊಂಡದ್ದು ಈ ಮನುಷ್ಯನ ಕಥೆಯನ್ನು. ತನ್ನವರನ್ನು ದ್ವೇಷಿಸಿದವನನ್ನು ದಾಖಲೆಗಳ ಮೂಲಕ ಶಾಂತವಾಗಿ ಅರ್ಥಮಾಡಿಕೊಳ್ಳಲು ಹೊರಟ ಆ ಮನೋಧರ್ಮ ಫುಟ್ಬಾಲ್ ತರಬೇತುದಾರರಲ್ಲಿ ಅಪರೂಪವೆಂದೇ ನನ್ನ ಎಣಿಕೆ.

ಅದೇ 1963ರ ಡಿಸೆಂಬರಿನಲ್ಲಿ ಜಾರ್ಜಿಯಾದಿಂದ ಕರೆ ಬಂತು. ಅಲ್ಲಿಯ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಹಳೆಯ ತರಬೇತುದಾರ, ಆಮೇಲೆ ಕ್ರೀಡಾ ನಿರ್ದೇಶಕರೂ ಆಗಿದ್ದ ವಾಲಿ ಬಟ್ಸ್ ಆ ವರ್ಷದ ಆರಂಭದಲ್ಲಿ ಹುದ್ದೆ ಬಿಟ್ಟಿದ್ದರು. ತಮ್ಮ ತಂಡದ ಗುಟ್ಟುಗಳನ್ನು ಅಲಬಾಮಾದ ತರಬೇತುದಾರ ಬೇರ್ ಬ್ರಯಂಟ್‌ಗೆ ಫೋನಿನಲ್ಲಿ ತಿಳಿಸಿದರೆಂದು ಪತ್ರಿಕೆಯೊಂದು ಅವರ ಮೇಲೆ ಬರೆಯಿತು. ಬಟ್ಸ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. 1967ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಹೊಸ ಕ್ರೀಡಾ ನಿರ್ದೇಶಕರಾಗಿ ಬಂದ ಜೋಯೆಲ್ ಈವ್ಸ್ ಆಬರ್ನ್‌ನವರು. ಅವರು ದೊಡ್ಡ ಹೆಸರುಗಳನ್ನೆಲ್ಲ ಬಿಟ್ಟು, ಮುಖ್ಯ ತರಬೇತುದಾರನಾಗಿ ಒಂದು ಪಂದ್ಯವನ್ನೂ ನಡೆಸದ 31 ವರ್ಷದ ಡೂಲಿಯವರನ್ನು ಆರಿಸಿದರು. ಅಭಿಮಾನಿಗಳಿಗೆ ಈ ಹೆಸರೇ ಗೊತ್ತಿರಲಿಲ್ಲ. ಮೊದಲ ಪಂದ್ಯದಲ್ಲಿ ಅಲಬಾಮಾ ವಿರುದ್ಧ 31-3ರ ಸೋಲು. ಆದರೆ ಮರುವರ್ಷ ಅದೇ ಅಲಬಾಮಾವನ್ನು 18-17ರಿಂದ ಮಣಿಸಿದರು. 1966ರಲ್ಲಿ ಪ್ರಾದೇಶಿಕ ಒಕ್ಕೂಟದ ಪ್ರಶಸ್ತಿ. ಅಲ್ಲಿಗೆ ಪ್ರಶ್ನೆಗಳು ನಿಂತವು.

ಗೆಲುವು-ಸೋಲುಗಳ ಪಟ್ಟಿಯನ್ನು ಇಲ್ಲಿ ಬೆಳೆಸುವುದಿಲ್ಲ. ಇಪ್ಪತ್ತೈದು ವರ್ಷಗಳಲ್ಲಿ 201 ಗೆಲುವು, 77 ಸೋಲು, 10 ಸಮ. ಆರು ಒಕ್ಕೂಟ ಪ್ರಶಸ್ತಿಗಳು. ಸೋಲು ಗೆಲುವನ್ನು ಮೀರಿದ್ದು 1977ರಲ್ಲಿ ಮಾತ್ರ. ಅವರ ತಮ್ಮ ಬಿಲ್ ಡೂಲಿ ಕೂಡ ತರಬೇತುದಾರರು. 1971ರ ವರ್ಷಾಂತ್ಯದ ಪಂದ್ಯವೊಂದರಲ್ಲಿ ಅಣ್ಣನ ಜಾರ್ಜಿಯಾ ತಮ್ಮನ ನಾರ್ತ್ ಕೆರೊಲಿನಾವನ್ನು 7-3ರಿಂದ ಸೋಲಿಸಿತು. ಮನೆಯ ತಾಯಂದಿರು ಅಂದು ಯಾರಿಗಾಗಿ ಪ್ರಾರ್ಥಿಸಿದರೋ!

ಅದೇ 1971ರಲ್ಲಿ ನಡೆದ, ಕಡಿಮೆ ಸದ್ದು ಮಾಡಿದ ಇನ್ನೊಂದು ಸಂಗತಿಗೆ ಹೆಚ್ಚು ತೂಕವಿದೆ. ಅದನ್ನು ತಿಳಿಯಲು ಹತ್ತು ವರ್ಷ ಹಿಂದಕ್ಕೆ ಹೋಗಬೇಕು. 1961ರ ಜನವರಿಯಲ್ಲಿ ನ್ಯಾಯಾಲಯದ ಆಜ್ಞೆಯ ಮೇರೆಗೆ ಇಬ್ಬರು ಕರಿಯ ವಿದ್ಯಾರ್ಥಿಗಳು ಮೊದಲ ಬಾರಿಗೆ ಜಾರ್ಜಿಯಾ ವಿಶ್ವವಿದ್ಯಾನಿಲಯ ಪ್ರವೇಶಿಸಿದರು: ಶಾರ್ಲೇನ್ ಹಂಟರ್ ಮತ್ತು ಹ್ಯಾಮಿಲ್ಟನ್ ಹೋಮ್ಸ್. ಹೋಮ್ಸ್ ಪ್ರೌಢಶಾಲೆಯಲ್ಲಿ ಒಳ್ಳೆಯ ಫುಟ್ಬಾಲ್ ಆಟಗಾರ. ಆದರೆ ವಿಶ್ವವಿದ್ಯಾನಿಲಯ ಅವರಿಗೆ ಆಡಲು ಅವಕಾಶ ಕೊಡಲಿಲ್ಲ. ಅವರ ಸುರಕ್ಷತೆಯ ನೆಪ ಹೇಳಿತು. ಆಟ ಕಳೆದುಕೊಂಡ ಹೋಮ್ಸ್ ಓದನ್ನು ಬಿಡಲಿಲ್ಲ, ಮೂಳೆ ಶಸ್ತ್ರವೈದ್ಯರಾದರು. ಹತ್ತು ವರ್ಷಗಳ ಬಳಿಕ, 1971ರಲ್ಲಿ, ಡೂಲಿಯವರ ತಂಡಕ್ಕೆ ಐವರು ಕರಿಯ ಯುವಕರು ವಿದ್ಯಾರ್ಥಿವೇತನದ ಮೇಲೆ ಸೇರಿದರು: ಹೊರೇಸ್ ಕಿಂಗ್, ರಿಚರ್ಡ್ ಆಪಲ್‌ಬಿ, ಚಕ್ ಕಿನೆಬ್ರೂ, ಕ್ಲಾರೆನ್ಸ್ ಪೋಪ್, ಲ್ಯಾರಿ ವೆಸ್ಟ್. 1971 ಎಂದರೆ ತಡವೇ. ಡೂಲಿಯವರು ಅಲ್ಲಿಗೆ ಬಂದು ಏಳು ವರ್ಷವಾಗಿತ್ತು. ದಕ್ಷಿಣದ ಇತರ ವಿಶ್ವವಿದ್ಯಾನಿಲಯಗಳೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ ಬಾಗಿಲು ತೆರೆದವು ಎಂಬುದು ನಿಜ. ಅದು ವಿವರಣೆಯಾದೀತೇ ಹೊರತು ಸಮರ್ಥನೆಯಾಗದು.

ಆ ಬಾಗಿಲಿನಿಂದಲೇ 1980ರಲ್ಲಿ ರೈಟ್ಸ್‌ವಿಲ್ ಎಂಬ ಸಣ್ಣ ಊರಿನ ಹರ್ಷಲ್ ವಾಕರ್ ಬಂದರು. ಆ ವರ್ಷ ಜಾರ್ಜಿಯಾ ಹನ್ನೆರಡು ಪಂದ್ಯ ಆಡಿ ಹನ್ನೆರಡನ್ನೂ ಗೆದ್ದಿತು. ಕೊನೆಯದು 1981ರ ಜನವರಿ 1ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ನೋತ್ರದಾಮ್ ವಿರುದ್ಧ. ಅಮೆರಿಕದ ಕಥೋಲಿಕರಿಗೆ ಆ ತಂಡವೆಂದರೆ ಮನೆಯ ತಂಡ. ಬ್ಯಾಪ್ಟಿಸ್ಟರ ನಾಡಿನ ತಂಡವನ್ನು ಕಥೋಲಿಕರೊಬ್ಬರು ಮುನ್ನಡೆಸಿ ಮಾತೆ ಮರಿಯಳ ಹೆಸರಿನ ವಿದ್ಯಾಲಯವನ್ನು 17-10ರಿಂದ ಸೋಲಿಸಿದ್ದು ಚರಿತ್ರೆಯ ಒಂದು ಸಣ್ಣ ವಿನೋದ. ಅದಕ್ಕೆ ಕೆಲವು ವಾರಗಳ ಮೊದಲು ತಾವು ಓದಿದ ಆಬರ್ನ್‌ನಿಂದ ತರಬೇತುದಾರರಾಗಿ ಬರುವಂತೆ ಕರೆ ಬಂದಿತ್ತು. ಡೂಲಿ ಹೋಗಲಿಲ್ಲ.

ಅಷ್ಟರಲ್ಲಿ ಅವರು ಎರಡನೆಯ ಕುರ್ಚಿಯಲ್ಲೂ ಕುಳಿತಾಗಿತ್ತು. ಈವ್ಸ್ ನಿವೃತ್ತರಾದ ಮೇಲೆ 1979ರಲ್ಲಿ ಡೂಲಿಯವರೇ ಕ್ರೀಡಾ ನಿರ್ದೇಶಕರಾದರು. ಅಂದರೆ ಫುಟ್ಬಾಲ್ ತರಬೇತುದಾರನ ಕೆಲಸವನ್ನು ಮೇಲಿನಿಂದ ನೋಡಿ, ಸರಿಯಾಗಿದೆಯೇ ಇಲ್ಲವೇ ಎಂದು ಹೇಳಬೇಕಾದ ಅಧಿಕಾರಿಯೂ ಆ ತರಬೇತುದಾರನೇ. ನಮ್ಮ ಧರ್ಮಕೇಂದ್ರಗಳಲ್ಲಿ ಲೆಕ್ಕ ಬರೆಯುವವರೇ ಲೆಕ್ಕ ತಪಾಸಣೆ ಮಾಡುವುದಿಲ್ಲ. ಬರೆಯುವವರು ಕಳ್ಳರೆಂದಲ್ಲ, ಒಳ್ಳೆಯವರಿಗೂ ಎರಡನೆಯ ಜೋಡಿ ಕಣ್ಣು ಬೇಕು ಎಂದು. ಅಥೆನ್ಸ್‌ನಲ್ಲಿ ಆ ಎರಡನೆಯ ಜೋಡಿ ಕಣ್ಣು ಇರಲಿಲ್ಲ.

ಆಡಳಿತಗಾರರಾಗಿ ಅವರ ಕಾಲದ ಮೊದಲ ದೊಡ್ಡ ವ್ಯಾಜ್ಯ ದೂರದರ್ಶನದ್ದು. ಎನ್‌ಸಿಎಎ ಎಂಬ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವು 1950ರ ದಶಕದ ಆರಂಭದಿಂದ ಕಾಲೇಜು ಫುಟ್ಬಾಲ್ ಪ್ರಸಾರವನ್ನೆಲ್ಲ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿತ್ತು. ಯಾವ ತಂಡವೂ ಎರಡು ವರ್ಷಗಳಲ್ಲಿ ಆರಕ್ಕಿಂತ ಹೆಚ್ಚು ಬಾರಿ ಟಿ.ವಿ.ಯಲ್ಲಿ ಕಾಣಿಸಿಕೊಳ್ಳುವಂತಿಲ್ಲ ಎಂಬ ನಿಯಮವಿತ್ತು. ಟಿ.ವಿ.ಯಲ್ಲಿ ಪಂದ್ಯ ನೋಡುವವರು ಮೈದಾನಕ್ಕೆ ಬಾರರು, ಸಣ್ಣ ಕಾಲೇಜುಗಳು ಸೊರಗುತ್ತವೆ ಎಂಬುದು ಸಂಘದ ವಾದ. ಒಕ್ಲಹೋಮ ವಿಶ್ವವಿದ್ಯಾನಿಲಯವೂ ಜಾರ್ಜಿಯಾದ ಕ್ರೀಡಾ ಸಂಸ್ಥೆಯೂ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋದವು. 1984ರ ಜೂನ್ 27ರಂದು ಸುಪ್ರೀಂ ಕೋರ್ಟು ಏಳು ನ್ಯಾಯಮೂರ್ತಿಗಳ ಬಹುಮತದಿಂದ ಅವುಗಳ ಪರ ತೀರ್ಪಿತ್ತಿತು. ಒಪ್ಪದ ಇಬ್ಬರಲ್ಲಿ ಬೈರನ್ ವೈಟ್ ಒಬ್ಬರು. ಯೌವನದಲ್ಲಿ ಅವರೇ ಕಾಲೇಜು ಫುಟ್ಬಾಲಿನ ಪ್ರಖ್ಯಾತ ಆಟಗಾರ. ಈ ಆಟವನ್ನು ಬರೀ ವ್ಯಾಪಾರವೆಂದು ನೋಡಿದರೆ ಅದರ ಶೈಕ್ಷಣಿಕ ಉದ್ದೇಶ ಮರೆಯಾಗುತ್ತದೆ ಎಂಬುದು ಅವರ ಭಿನ್ನಮತದ ತಿರುಳು. ನಲವತ್ತು ವರ್ಷಗಳ ಬಳಿಕ ಓದಿದಾಗ, ಆಟವಾಡಿ ಬಲ್ಲ ಆ ಮುದುಕರಿಗೆ ಮುಂದಿನದು ಕಂಡಿತ್ತೇನೋ ಎನಿಸುತ್ತದೆ. ತೀರ್ಪಿನ ನಂತರ ಹಣ ಹೊಳೆಯಾಗಿ ಹರಿಯಿತು.

ಹಣ ಹೆಚ್ಚುತ್ತಿದ್ದ ಆ ವರ್ಷಗಳಲ್ಲೇ ತರಗತಿಯ ಕೋಣೆಯಲ್ಲಿ ಬೇರೊಂದು ಕಥೆ ನಡೆಯುತ್ತಿತ್ತು. ಓದಿನಲ್ಲಿ ಹಿಂದುಳಿದು ಬಂದವರಿಗಾಗಿ ವಿಶ್ವವಿದ್ಯಾನಿಲಯದಲ್ಲಿ ಪೂರಕ ಶಿಕ್ಷಣ ವಿಭಾಗವೊಂದಿತ್ತು. ಅಲ್ಲಿ ತೇರ್ಗಡೆಯಾದರೆ ಮಾತ್ರ ಮುಂದಿನ ತರಗತಿ. ಜ್ಯಾನ್ ಕೆಂಪ್ ಎಂಬಾಕೆ ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. 1981ರ ಕೊನೆಯಲ್ಲಿ, ತೇರ್ಗಡೆಯಾಗದ ಒಂಬತ್ತು ಫುಟ್ಬಾಲ್ ಆಟಗಾರರನ್ನು ಆಡಳಿತದವರು ಆ ವಿಭಾಗದಿಂದ ಮೇಲಕ್ಕೆ ದಾಟಿಸಿದರು. ಹೊಸ ವರ್ಷದ ದಿನ ಪಿಟ್ಸ್‌ಬರ್ಗ್ ವಿರುದ್ಧ ದೊಡ್ಡ ಪಂದ್ಯವಿತ್ತು. ಕೆಂಪ್ ಪ್ರತಿಭಟಿಸಿದರು. ಅವರನ್ನು ಮೊದಲು ಕೆಳಗಿನ ಸ್ಥಾನಕ್ಕೆ ಇಳಿಸಿದರು. ನಂತರ ಕೆಲಸದಿಂದಲೇ ತೆಗೆದರು. ಆ ದಿನಗಳಲ್ಲಿ ಆಕೆ ಎರಡು ಬಾರಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದರೆಂದು ದಾಖಲಾಗಿದೆ. ಚಿಕ್ಕ ಮಕ್ಕಳ ತಾಯಿ. ಸುಳ್ಳು ಅಂಕಪಟ್ಟಿಗೆ ಹೂಂ ಎನ್ನದ ಒಬ್ಬ ಶಿಕ್ಷಕಿ ತೆತ್ತ ಬೆಲೆ ಅದು.

1986ರ ಆರಂಭದಲ್ಲಿ ಅಟ್ಲಾಂಟಾದ ಫೆಡರಲ್ ನ್ಯಾಯಾಲಯದಲ್ಲಿ ವಿಚಾರಣೆ ಆರು ವಾರ ನಡೆಯಿತು. ಕೆಂಪ್ ಮೊಕದ್ದಮೆ ಹೂಡಿದ್ದು ಶೈಕ್ಷಣಿಕ ಆಡಳಿತದ ಇಬ್ಬರು ಅಧಿಕಾರಿಗಳ ಮೇಲೆ, ಡೂಲಿ ಪ್ರತಿವಾದಿಯಲ್ಲ. ಆದರೆ ಸಾಕ್ಷಿ ಹೇಳಲು ಅವರೂ ಬರಬೇಕಾಯಿತು. ಉಳಿದ ವಿದ್ಯಾರ್ಥಿಗಳಿಗಿಂತ ಬಹಳ ಕಡಿಮೆ ಅಂಕ ಗಳಿಸಿದವರನ್ನು ಆಟದ ಸಲುವಾಗಿ ಸೇರಿಸಿಕೊಂಡದ್ದನ್ನು ನ್ಯಾಯಾಲಯದ ಮುಂದೆ ಒಪ್ಪಿಕೊಳ್ಳಲೇಬೇಕಾಯಿತು. ಎದುರಾಳಿಗಳು ಹಾಗೆ ಮಾಡುವಾಗ ನಾವೊಬ್ಬರೇ ಶಸ್ತ್ರ ಕೆಳಗಿಡಲಾಗದು ಎಂಬರ್ಥದ ಮಾತನ್ನು ವಿಶ್ವವಿದ್ಯಾನಿಲಯದ ಅಧ್ಯಕ್ಷ ಫ್ರೆಡ್ ಡೇವಿಸನ್ ಆಡಿದರು. ವಿಶ್ವವಿದ್ಯಾನಿಲಯದ ಪರ ವಕೀಲರಂತೂ, ಇವರನ್ನು ನಿಜವಾದ ವಿದ್ಯಾರ್ಥಿಗಳನ್ನಾಗಿ ಮಾಡಲಾಗದಿದ್ದರೂ ಓದುಬರಹ ಕಲಿಸಿದರೆ ಕಸ ಎತ್ತುವ ಬದಲು ಅಂಚೆ ಕಚೇರಿಯಲ್ಲಾದರೂ ಕೆಲಸ ಸಿಕ್ಕೀತು ಎಂಬ ಧಾಟಿಯಲ್ಲಿ ವಾದಿಸಿದರು. ತನ್ನ ಪರ ವಾದವೇ ತನಗೆ ಅವಮಾನವಾದ ಸಂದರ್ಭ. ಆ ಹುಡುಗರಲ್ಲಿ ಬಹುಮಂದಿ ಕರಿಯರು. ಅಂಕಣದೊಳಗೆ ಬಿಟ್ಟುಕೊಳ್ಳಲು ಹತ್ತು ವರ್ಷ ತಡಮಾಡಿದ ಸಂಸ್ಥೆ, ಬಿಟ್ಟುಕೊಂಡ ಮೇಲೆ ಅವರಿಂದ ಆಟವನ್ನು ಪಡೆಯಿತು, ಅಕ್ಷರ ಕೊಟ್ಟಿತೇ?

ನ್ಯಾಯಪೀಠದ ಮೇಲೆ ಕುಳಿತಿದ್ದವರು ಹೊರೇಸ್ ವಾರ್ಡ್. 1950ರಲ್ಲಿ ಇದೇ ಜಾರ್ಜಿಯಾ ವಿಶ್ವವಿದ್ಯಾನಿಲಯದ ಕಾನೂನು ಶಾಲೆಗೆ ಅರ್ಜಿ ಹಾಕಿ, ಕರಿಯನೆಂಬ ಕಾರಣಕ್ಕೆ ಪ್ರವೇಶ ಸಿಗದೆ ಹೋದ ಮನುಷ್ಯ ಅವರೇ. ಬೇರೆಡೆ ಕಾನೂನು ಓದಿ ಬಂದು, 1961ರಲ್ಲಿ ಹೋಮ್ಸ್ ಮತ್ತು ಹಂಟರ್ ಅವರ ಪರ ವಾದಿಸಿದ ವಕೀಲರ ತಂಡದಲ್ಲಿ ಇದ್ದವರು. 1979ರಲ್ಲಿ ಜಾರ್ಜಿಯಾದ ಮೊದಲ ಕರಿಯ ಫೆಡರಲ್ ನ್ಯಾಯಾಧೀಶರಾದವರು. ತನ್ನನ್ನು ಬಾಗಿಲಲ್ಲೇ ತಡೆದ ವಿದ್ಯಾಲಯ ಈಗ ತನ್ನ ಮುಂದೆ ನಿಂತಿತ್ತು. ಕಥೆಗಾರರು ಇಂತಹ ಪ್ರಸಂಗವನ್ನು ಕಟ್ಟಿದ್ದರೆ ನಾವು ಅತಿಯಾಯಿತು ಎನ್ನುತ್ತಿದ್ದೆವು.

ಫೆಬ್ರವರಿಯಲ್ಲಿ ಜ್ಯೂರಿ ಕೆಂಪ್ ಪರ ನಿಂತು 25 ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ಘೋಷಿಸಿತು. ಆಮೇಲೆ ಅದು 10 ಲಕ್ಷ 80 ಸಾವಿರಕ್ಕೆ ಇಳಿದು ಇತ್ಯರ್ಥವಾಯಿತು. ಆಕೆಗೆ ಕೆಲಸ ಮರಳಿ ದೊರೆಯಿತು. ಡೇವಿಸನ್ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. ಆಟಗಾರರ ಪ್ರವೇಶಕ್ಕೆ ಕನಿಷ್ಠ ಅಂಕಗಳನ್ನು ವಿಧಿಸುವ ಎನ್‌ಸಿಎಎ ನಿಯಮ ಜಾರಿಗೆ ಬಂದದ್ದೂ ಅದೇ 1986ರಲ್ಲಿ. ಡೂಲಿ ಎರಡೂ ಕುರ್ಚಿಗಳಲ್ಲಿ ಉಳಿದರು.

ಅವರು ದುಷ್ಟರೆಂದು ನಾನು ಭಾವಿಸುವುದಿಲ್ಲ. ಅಂಕ ತಿದ್ದಿಸಿದರೆಂಬ ಆರೋಪವೂ ಅವರ ಮೇಲೆ ಸಿದ್ಧವಾಗಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವರು, ಪುಸ್ತಕಪ್ರಿಯರು, ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕಾಗಿ ಪತ್ನಿ ಬಾರ್ಬರಾ ಅವರೊಡನೆ ದತ್ತಿನಿಧಿ ಸ್ಥಾಪಿಸಿದವರು. ಆದರೆ ಹುಡುಗರನ್ನು ಗೆಲುವಿಗಾಗಿ ಕರೆತಂದ ತರಬೇತುದಾರನಿಗೆ, ಅವರ ಓದು ಏನಾಯಿತು ಎಂದು ಗದರಿಸಿ ಕೇಳಬೇಕಾದ ಮೇಲಧಿಕಾರಿ ಕನ್ನಡಿಯಲ್ಲಿ ಮಾತ್ರ ಇದ್ದ. ಆರೋಪಿಯಲ್ಲ, ಆದರೆ ಹೊರಗಿನವರೂ ಅಲ್ಲ. ಅವರ ಸ್ಥಾನವನ್ನು ನಾನು ಹಾಗೆಯೇ ಗುರುತಿಸುತ್ತೇನೆ. ನಮ್ಮ ಕಾಲೇಜುಗಳಲ್ಲೂ ಕ್ರೀಡಾ ಕೋಟಾ ಇದೆ. ಕಬಡ್ಡಿ, ವಾಲಿಬಾಲ್ ಚೆನ್ನಾಗಿ ಆಡುವ ಮಗನಿಗೆ ಸೀಟು ಸಿಕ್ಕಿತೆಂದು ಸಂತೋಷಪಡುವ ತಂದೆತಾಯಂದಿರು ಈ ಪತ್ರಿಕೆ ಓದುವವರಲ್ಲೂ ಇರಬಹುದು. ಸೀಟು ಕೊಟ್ಟವರು ಮೂರನೆಯ ವರ್ಷದಲ್ಲಿ ಹುಡುಗನ ಹಾಜರಿಯನ್ನು ಕೇಳುತ್ತಾರೆಯೇ ಎಂಬುದನ್ನು ಅವರು ವಿಚಾರಿಸಿಕೊಳ್ಳುವುದು ಒಳ್ಳೆಯದು.

1988ರ ಕೊನೆಗೆ ಡೂಲಿ ತರಬೇತಿಯನ್ನು ಬಿಟ್ಟರು. ಗವರ್ನರ್ ಹುದ್ದೆಗೆ ನಿಲ್ಲುವ ಆಲೋಚನೆ ಕೆಲಕಾಲ ಇತ್ತು. ಅದನ್ನು ಕೈಬಿಟ್ಟು ಒಂದೇ ಕುರ್ಚಿಯಲ್ಲಿ, ಕ್ರೀಡಾ ನಿರ್ದೇಶಕರಾಗಿ, ಇನ್ನೂ ಹದಿನೈದು ವರ್ಷ ಮುಂದುವರಿದರು. ಆಡಳಿತಗಾರರಾಗಿ ಅವರ ಒಳ್ಳೆಯ ಕೆಲಸವೆಲ್ಲ ಕಾಣುವುದು ಹೆಚ್ಚಾಗಿ ಫುಟ್ಬಾಲಿನ ಹೊರಗೆ. ಹೆಣ್ಣುಮಕ್ಕಳಿಗೂ ಶಿಕ್ಷಣ ಸಂಸ್ಥೆಗಳಲ್ಲಿ ಸಮಾನ ಅವಕಾಶವಿರಬೇಕೆಂಬ ಕಾನೂನು ಅಮೆರಿಕದಲ್ಲಿ 1972ರಲ್ಲಿ ಬಂದಿತ್ತು. ಅನೇಕ ಫುಟ್ಬಾಲ್ ತರಬೇತುದಾರರಿಗೆ ಅದು ತಮ್ಮ ತಟ್ಟೆಯ ಅನ್ನ ಕಿತ್ತಂತೆ ಕಂಡಿತು. ಡೂಲಿಯವರ ಆಡಳಿತದಲ್ಲಿ ಜಾರ್ಜಿಯಾದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಆಂಡಿ ಲ್ಯಾಂಡರ್ಸ್ ಅವರ ಕೈಯಲ್ಲಿ ಐದು ಬಾರಿ ರಾಷ್ಟ್ರದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಸುಝಾನ್ ಯೋಕ್ಯುಲನ್ ಅವರ ಜಿಮ್ನಾಸ್ಟಿಕ್ಸ್ ತಂಡ ರಾಷ್ಟ್ರಪ್ರಶಸ್ತಿಗಳನ್ನು ತಂದಿತು. 1998-99ರ ಒಂದೇ ವರ್ಷದಲ್ಲಿ ಜಿಮ್ನಾಸ್ಟಿಕ್ಸ್, ಮಹಿಳಾ ಈಜು, ಪುರುಷರ ಟೆನಿಸ್, ಗಾಲ್ಫ್ ಹೀಗೆ ನಾಲ್ಕು ರಾಷ್ಟ್ರಪ್ರಶಸ್ತಿಗಳು ಬಂದವು. ತನ್ನ ಆಟವಲ್ಲದ ಆಟಗಳಿಗೆ ಹಣ ಕೊಡುವುದು ತರಬೇತುದಾರನಾಗಿದ್ದವನಿಗೆ ಸುಲಭವಲ್ಲ.

1996ರ ಅಟ್ಲಾಂಟಾ ಒಲಿಂಪಿಕ್ಸ್ ನಮ್ಮವರಿಗೆ ಲಿಯಾಂಡರ್ ಪೇಸ್ ಅವರ ಕಂಚಿನ ಪದಕದಿಂದ ನೆನಪಿದೆ. ಆ ಕೂಟದ ಫುಟ್ಬಾಲ್ ಅಂತಿಮ ಪಂದ್ಯಗಳು — ಇದು ನಮ್ಮ ಅರ್ಥದ ಫುಟ್ಬಾಲ್ — ಅಥೆನ್ಸ್‌ನ ಈ ಕ್ರೀಡಾಂಗಣದಲ್ಲಿ ನಡೆದವು. ಒಲಿಂಪಿಕ್ಸ್‌ನ ಮೊಟ್ಟಮೊದಲ ಮಹಿಳಾ ಫುಟ್ಬಾಲ್ ಫೈನಲ್‌ನಲ್ಲಿ ಅಮೆರಿಕವು ಚೀನಾವನ್ನು 2-1ರಿಂದ ಸೋಲಿಸಿದ್ದನ್ನು 76,000ಕ್ಕೂ ಹೆಚ್ಚು ಜನ ಅಲ್ಲಿ ನೋಡಿದರು. ಆದರೆ ಆ ಆಟಕ್ಕೆ ಬಯಲು ಅಗಲವಾಗಬೇಕಿತ್ತು. ಕ್ರೀಡಾಂಗಣದ ಅಂಚಿನಲ್ಲಿ 1929ರಿಂದ ಇದ್ದ ಹಸಿರು ಗಿಡಗಳ ಬೇಲಿ ಅಡ್ಡ ಬಂತು. ಜಾರ್ಜಿಯಾದ ಜನರಿಗೆ ಆ ಬೇಲಿಯೆಂದರೆ ಹಳೆಯ ದೇವಾಲಯದ ಗಂಟೆಯಷ್ಟೇ ಪೂಜ್ಯ. ಅದನ್ನು ಕಿತ್ತರು. ಮೂಲ ಗಿಡಗಳ ಕಡ್ಡಿ ನೆಟ್ಟು ಮೊದಲೇ ಬೆಳೆಸಿದ್ದ ಸಸಿಗಳನ್ನು ಒಲಿಂಪಿಕ್ಸ್ ಮುಗಿದ ಮೇಲೆ ಅಲ್ಲಿಯೇ ನೆಟ್ಟರು.

ಗಿಡಗಳ ಮಾತು ಬಂದದ್ದರಿಂದ ಹೇಳಬೇಕು. ಡೂಲಿಯವರು ತೋಟಗಾರಿಕೆಯ ಹುಚ್ಚಿನವರು. ತಾವು ನಿರ್ದೇಶಕರಾಗಿದ್ದ ವಿಶ್ವವಿದ್ಯಾನಿಲಯದಲ್ಲೇ ತೋಟಗಾರಿಕಾ ಪ್ರಾಧ್ಯಾಪಕರ ತರಗತಿಗಳಲ್ಲಿ ಹುಡುಗರ ನಡುವೆ ಕುಳಿತು ಪಾಠ ಕೇಳಿದರು. ಅವರ ಮನೆಯ ತೋಟದ ಹೈಡ್ರೇಂಜಿಯಾ ತಳಿಯೊಂದಕ್ಕೆ ಸಸ್ಯತಜ್ಞ ಮೈಕೆಲ್ ಡರ್ ‘ಡೂಲಿ’ ಎಂದೇ ಹೆಸರಿಟ್ಟರು. 2010ರಲ್ಲಿ ತಮ್ಮ ತೋಟದ ಬಗ್ಗೆ ಒಂದು ಪುಸ್ತಕವನ್ನೂ ಬರೆದರು.

ಕೊನೆಯ ವರ್ಷಗಳು ನೆಮ್ಮದಿಯವಲ್ಲ. 2003ರಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಹಗರಣ ಹೊರಬಿತ್ತು. ಸಹಾಯಕ ತರಬೇತುದಾರರೊಬ್ಬರು ಕಲಿಸುತ್ತಿದ್ದ ಪಾಠದ ಪರೀಕ್ಷೆಯಲ್ಲಿ ಇಪ್ಪತ್ತು ಪ್ರಶ್ನೆಗಳು. ಅವುಗಳಲ್ಲಿ ಒಂದು, ಮೂರು ಅಂಕದ ಗೋಲಿಗೆ ಎಷ್ಟು ಅಂಕ ಎಂಬುದು! ದೇಶವೆಲ್ಲ ನಕ್ಕಿತು. ಕೆಂಪ್ ಪ್ರಕರಣ ಮುಗಿದು ಹದಿನೇಳು ವರ್ಷವಾಗಿದ್ದರೂ ಅದೇ ಗಾಯ ಬೇರೊಂದು ಆಟದಲ್ಲಿ ಮತ್ತೆ ಕೀವುಗಟ್ಟಿತ್ತು. ಆದರೆ ಈ ಸಲ ನಡೆದದ್ದು ಬೇರೆ. ತಂಡ ಚೆನ್ನಾಗಿ ಆಡುತ್ತಿದ್ದರೂ, ಋತುವಿನ ಕೊನೆಯ ಪಂದ್ಯಾವಳಿಗಳಿಂದ ವಿಶ್ವವಿದ್ಯಾನಿಲಯ ತಾನಾಗಿಯೇ ಹಿಂದೆ ಸರಿಯಿತು. ತಪ್ಪಿಲ್ಲದ ಹುಡುಗರೂ ಆಟ ಕಳೆದುಕೊಂಡರು, ಅದು ನೋವಿನ ಸಂಗತಿಯೇ. ಆದರೂ 1981ರಲ್ಲಿ ಪಂದ್ಯಕ್ಕಾಗಿ ಪರೀಕ್ಷೆಯನ್ನು ಬಿಟ್ಟುಕೊಟ್ಟ ಸಂಸ್ಥೆ 2003ರಲ್ಲಿ ಪರೀಕ್ಷೆಯ ಮರ್ಯಾದೆಗಾಗಿ ಪಂದ್ಯವನ್ನು ಬಿಟ್ಟಿತು. ಈಗ ನಿರ್ದೇಶಕರ ಕುರ್ಚಿಯಲ್ಲಿದ್ದವರು ಯಾವ ತಂಡದ ತರಬೇತುದಾರರೂ ಆಗಿರಲಿಲ್ಲ.

ಅದೇ ವರ್ಷ ಡೂಲಿ ಇನ್ನಷ್ಟು ಕಾಲ ಮುಂದುವರಿಯಲು ಬಯಸಿದರು. ವಿಶ್ವವಿದ್ಯಾನಿಲಯದ ಅಧ್ಯಕ್ಷ ಮೈಕೆಲ್ ಆ್ಯಡಮ್ಸ್ ಒಪ್ಪಲಿಲ್ಲ. ರಾಜ್ಯದಲ್ಲಿ ಗದ್ದಲವೆದ್ದಿತು, ದಾನಿಗಳು ಎರಡು ಪಕ್ಷವಾದರು. ನಲವತ್ತು ವರ್ಷ ಸೇವೆ ಮಾಡಿದವರನ್ನು ಹೀಗೆ ಕಳುಹಿಸಬಾರದಿತ್ತು ಎಂದವರಿದ್ದರು. ಎಪ್ಪತ್ತು ದಾಟಿದವರು ತಾವಾಗಿಯೇ ದಾರಿ ಬಿಡಬೇಕಿತ್ತಲ್ಲವೇ ಎಂಬ ಪ್ರಶ್ನೆಯೂ ಅನ್ಯಾಯದ್ದಲ್ಲ. 2004ರಲ್ಲಿ ಅವರು ನಿವೃತ್ತರಾದಾಗ ಆ ಕುರ್ಚಿಗೆ ಬಂದವರು ಡೇಮನ್ ಎವನ್ಸ್. ಡೂಲಿ ತರಬೇತುದಾರರಾಗಿದ್ದ ಕೊನೆಯ ವರ್ಷ ತಂಡಕ್ಕೆ ಸೇರಿದ್ದ ಆಟಗಾರ, ಆ ಒಕ್ಕೂಟದ ಮೊದಲ ಕರಿಯ ಕ್ರೀಡಾ ನಿರ್ದೇಶಕ.

ನಿವೃತ್ತಿಯ ನಂತರ ಡೂಲಿ ತಮ್ಮ ಮೊದಲ ಪ್ರೀತಿಯಾದ ಇತಿಹಾಸಕ್ಕೆ ಮರಳಿದರು. ಜಾರ್ಜಿಯಾ ಇತಿಹಾಸ ಸಂಘದ ಮಂಡಳಿಯ ಅಧ್ಯಕ್ಷರಾದರು. ಅಮೆರಿಕದ ಅಂತರ್ಯುದ್ಧದಲ್ಲಿ ಮಡಿದ ಅಥೆನ್ಸ್‌ನ ಸೇನಾಧಿಕಾರಿಯೊಬ್ಬರ ಬಗ್ಗೆ ಸಹಲೇಖಕರಾಗಿ ಪುಸ್ತಕ ತಂದರು. ಕೆನೆಸಾ ಎಂಬಲ್ಲಿಯ ವಿಶ್ವವಿದ್ಯಾನಿಲಯ ಹೊಸದಾಗಿ ಫುಟ್ಬಾಲ್ ಆರಂಭಿಸಲು ಅವರ ಸಲಹೆ ಪಡೆಯಿತು. ಜ್ಯಾನ್ ಕೆಂಪ್ 2008ರಲ್ಲಿ, 59ನೆಯ ವಯಸ್ಸಿನಲ್ಲಿ, ಮರೆವಿನ ಕಾಯಿಲೆಯಿಂದ ತೀರಿಕೊಂಡಿದ್ದರು. ಆಕೆಯ ಹೆಸರು ಅಲ್ಲಿ ಯಾವ ಬಯಲಿಗೂ ಇಲ್ಲ.

ಕಾಲೇಜು ಆಟದ ಹಣ ಬೆಳೆಯುತ್ತಲೇ ಹೋಯಿತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತಿತು. ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸುವುದು ಮರುತಿಂಗಳೇ ಶುರುವಾಯಿತು. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ಒಂದು ಇತ್ಯರ್ಥದ ಪ್ರಕಾರ ವಿಶ್ವವಿದ್ಯಾನಿಲಯಗಳೇ ಆಟಗಾರರಿಗೆ ನೇರವಾಗಿ, ವರ್ಷಕ್ಕೆ ಸುಮಾರು 2 ಕೋಟಿ ಡಾಲರುಗಳ ಮಿತಿಯೊಳಗೆ, ಹಣ ಕೊಡಬಹುದಾಗಿದೆ. ಆಟಗಾರನಿಗೆ ಪಾಲು ಸಿಕ್ಕಿದ್ದು ನ್ಯಾಯ. 1981ರ ಆ ಒಂಬತ್ತು ಹುಡುಗರಿಗೆ ಓದೂ ಸಿಗಲಿಲ್ಲ, ಹಣವೂ ಸಿಗಲಿಲ್ಲ.

2022ರ ಜನವರಿಯಲ್ಲಿ ಜಾರ್ಜಿಯಾ ಅಲಬಾಮಾವನ್ನು ಸೋಲಿಸಿ, 1980ರ ನಂತರ ಮೊದಲ ಬಾರಿಗೆ ರಾಷ್ಟ್ರಪ್ರಶಸ್ತಿ ಗೆದ್ದದ್ದನ್ನು ಡೂಲಿ ಕಣ್ಣಾರೆ ಕಂಡರು. ಅದೇ ವರ್ಷ ಅಕ್ಟೋಬರ್ 28ರಂದು, ತೊಂಬತ್ತು ತುಂಬಿ ಎರಡು ತಿಂಗಳಾಗುವ ಮುನ್ನ, ಅಥೆನ್ಸ್‌ನ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು. ಮರುದಿನ ಫ್ಲಾರಿಡಾ ವಿರುದ್ಧ ಪಂದ್ಯವಿತ್ತು. ತಂಡ ಆಡಿತು, 42-20ರಿಂದ ಗೆದ್ದಿತು.